ನೀರಿನ ಬಿಸಿ

ನಗೋಯಾದಲ್ಲಿ ಹನ್ನೆರಡು ದಿನ.
ಮೊದಲ ದಿನವೇ ಕಣ್ಣಿಗೆ ಬಟ್ಟೆ ಕಟ್ಟಿ
ಹಗ್ಗ ಕೊಟ್ಟರು: ತಂಡವನ್ನು ನಡೆಸಿ.
ಕೀನ್ಯಾದವನ ಕಾಲು ತುಳಿದೆ.
ಕ್ಷಮೆ ಕೇಳುವುದೂ ನಾಯಕತ್ವವೇ ಅಂತ
ಬೋರ್ಡಿನ ಮೇಲೆ ಬರೆದರು.

ಸೋಮವಾರ ಶಿಡ್ಲಘಟ್ಟ.
ನೂಲು ತೆಗೆಯುವ ಶೆಡ್ಡಿನ ಹುಳದ ವಾಸನೆಯಲ್ಲಿ
ಅಲ್ಲಿಂದ ತಂದ ಬಣ್ಣದ ಚೀಟಿಗಳನ್ನು
ಗೋಡೆಗೆ ಅಂಟಿಸಿದೆ.
ಹಬೆಗೆ ಒಂದೂ ನಿಲ್ಲಲಿಲ್ಲ.

ಬಾಂಡ್ಲಿಯ ಮುಂದೆ ಜೈಬುನ್ನೀಸಾ
ಸುಡುನೀರಿಗೆ ಬೆರಳದ್ದಿ
ಏಳು ಗೂಡುಗಳ ಎಳೆ ಒಟ್ಟಿಗೇ ಎತ್ತಿ
ಹೊಸ ಹುಡುಗಿಯ ಕೈಗೆ ದಾಟಿಸುತ್ತಾ
ತಲೆಯೆತ್ತದೆ ಕೇಳಿದಳು:
"ಅಲ್ಲಿ ನೀರು ಎಷ್ಟು ಬಿಸಿ ಇಡ್ತಾರೆ, ಮೇಡಂ?"

ನೋಡಿದ್ದೆ.
ಗಾಜಿನ ಈಚೆಯಿಂದ.

ಬಳೆ ಮೇಲಕ್ಕೆ ಸರಿಸಿದೆ.
ಅವಳು ಏನೂ ಅನ್ನದೆ
ಪಕ್ಕದ ಮಣೆಯ ಮೇಲಿನ ಬುತ್ತಿ ಎತ್ತಿ
ಕೆಳಗಿಟ್ಟಳು.