ಮುಯ್ಯಿ

ರಾತ್ರಿ ಒಂಬತ್ತೂಮುಕ್ಕಾಲಿಗೆ ಫೋನು.
ಸಾಗರ ರಸ್ತೆಯ ಛತ್ರದ ಮ್ಯಾನೇಜರು, ದನಿ ತಗ್ಗಿಸಿ:
“ನಾನೂರು ಜನರದ್ದು. ಎಲೆಯನ್ನೇ ಹಾಕಿಲ್ಲ. ಬೇಗ ಬನ್ನಿ.”

ಹಾಲೇಶಿ ಲಗೇಜ್ ಆಟೋ ತಿರುಗಿಸಿದ.
ಹಿಂದೆ ಖಾಲಿ ಕ್ಯಾನುಗಳ ನಡುವೆ ಗುತ್ಯಮ್ಮ,
ಮಡಿಲಲ್ಲಿ ಉದ್ದ ಹಿಡಿಯ ಸೌಟು.
ಮುಂದೆ ನಾನು, ತೊಡೆಯ ಮೇಲೆ ನೋಟ್‌ಬುಕ್ಕು:
ತಾರೀಕು, ಜಾಗ, ಪದಾರ್ಥ, ಎಷ್ಟು ಕೆ.ಜಿ., ಎಷ್ಟು ಜನ.
ಐದು ಕಾಲಮ್ಮು. ಆರು ವರ್ಷದಿಂದ ಇಷ್ಟೇ ಸಾಕಾಗಿದೆ.

ಗುತ್ಯಮ್ಮನ ಮೂಗಿಗೆ ನಾವೆಲ್ಲ ಹೆದರುತ್ತೇವೆ.
ಹಪ್ಪಳ ಕರಿದ ಹೊಗೆಯೊಳಗೂ
ಹಳಸಲು ಹೊರಟ ಸಾರನ್ನು ಹಿಡಿಯುತ್ತಾಳೆ.
“ಎಂಜಲು ಬೇರೆ, ಉಳಿದದ್ದು ಬೇರೆ”
ಅವಳಿಗೆ ಗೊತ್ತಿರುವುದು ಇದೊಂದೇ ಶಾಸ್ತ್ರ.
ಈಗಷ್ಟೇ ಇಳಿಸಿದ್ದೆಂದು ಯಾರು ಆಣೆಯಿಟ್ಟರೂ
ತಳದವರೆಗೆ ಸೌಟು ಇಳಿಸದೆ ನಂಬುವವಳಲ್ಲ.

ಛತ್ರದಲ್ಲಿ ಸೀರಿಯಲ್ ಸೆಟ್ಟು ಇನ್ನೂ ಮಿನುಗುತ್ತಿತ್ತು,
ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ.
ದಿಬ್ಬಣದ ಬಸ್ಸು ತರೀಕೆರೆಯಿಂದಲೇ ತಿರುಗಿ ಹೋಯಿತಂತೆ.
ಯಾಕೆಂದು ನಾವು ಕೇಳಲಿಲ್ಲ,
ಅದಕ್ಕೆ ಕಾಲಮ್ಮಿಲ್ಲ.
ಅಡುಗೆಯವರು ಒಲೆಗೆ ಬೆನ್ನು ಹಾಕಿ ಕೂತಿದ್ದರು.
ಹೋಳಿಗೆ ಬಾಳೆಲೆಯ ಮೇಲೆ ಆರುತ್ತಿದ್ದವು.
ಕೋಸಂಬರಿಗೆ ಉಪ್ಪೇ ಬಿದ್ದಿರಲಿಲ್ಲ,
ಪಂಕ್ತಿ ಕೂತ ಮೇಲೆ ಹಾಕಿದರಾಯಿತೆಂದು.

ಗುತ್ಯಮ್ಮ ಒಂದೊಂದೇ ಮುಚ್ಚಳ ತೆಗೆದಳು.
ಅನ್ನ, ಹ್ಞೂಂ. ಹುಳಿ, ಹ್ಞೂಂ. ಪಲ್ಯ, ಹ್ಞೂಂ.
ಪಾಯಸದ ಮೇಲೆ ಬಗ್ಗಿದವಳು ಸ್ವಲ್ಪ ಹೊತ್ತು ಏಳಲಿಲ್ಲ.
“ಇದು ಬೇಡ. ಹಾಲು ಒಡೆಯೋ ಮನಸ್ಸು ಮಾಡಿದೆ.”

ಆಗ ಕಂಬದ ಮರೆಯಿಂದ ಒಬ್ಬರು ಬಂದರು.
ಹೊಸ ಪಂಚೆ, ಅಂಚಿಗೆ ಅಂಗಡಿಯ ಸ್ಟಿಕ್ಕರು ಹಾಗೇ.
“ನಾನೂ ಬರ್ತೀನಿ. ಬಡಿಸೋದು ನನ್ನ ಕೆಲಸ.”

ಹನ್ನೊಂದಕ್ಕೆ ದೊಡ್ಡಾಸ್ಪತ್ರೆ.
ವಾರ್ಡಿನ ಹೊರಗೆ, ವರಾಂಡದಲ್ಲಿ, ರೋಗಿಗಳ ಕಡೆಯವರು:
ಚಾಪೆ, ಫ್ಲಾಸ್ಕು, ತಲೆಯಡಿಗೆ ಎಕ್ಸರೇ ಕವರು,
ಸೊರಬ, ಹೊಸನಗರ, ಶಿಕಾರಿಪುರ.
ನಾವಾದರೆ ಕ್ಯೂ ನಿಲ್ಲಿಸುತ್ತೇವೆ. ಒಂದು ಸೌಟು, ಮುಂದೆ ಹೋಗಿ.
ಇವರು ಎಲ್ಲರನ್ನೂ ಸಾಲಾಗಿ ಕೂರಿಸಿದರು,
ಎಲೆ ಹಾಸಿ ನೀರು ಚಿಮುಕಿಸಿದರು,
ಕೋಸಂಬರಿಗೆ ಉಪ್ಪು ಬೆರೆಸಿದರು,
ಹೋಳಿಗೆಯ ಬುಟ್ಟಿ ಹಿಡಿದು ಬಗ್ಗಿ ಬಗ್ಗಿ
“ಇನ್ನೊಂದು. ಸಂಕೋಚ ಬೇಡ. ಅರ್ಧವಾದರೂ.
ನಿಧಾನ, ಬಸ್ಸೇನೂ ಹೋಗಲ್ಲ.”
ಬಸ್ಸು ಎಂದವರೇ ನಾಲಿಗೆ ಕಚ್ಚಿಕೊಂಡರು.
ಸೆಕ್ಯುರಿಟಿಯವನೂ ಕೋಲು ಗೋಡೆಗೊರಗಿಸಿ
ಸಾಲಿನ ತುದಿಗೆ ಕೂತ.

“ಯಾರ ಮದುವೆ ಅಣ್ಣಾ?”
ಕೇಳಿದಾಕೆ ಆನವಟ್ಟಿಯವಳು.
ಬೆಳಗಾದರೆ ಗಂಡನ ಕಾಲಿನ ಆಪರೇಷನ್ನು.
ತುಪ್ಪದ ಮಿಳ್ಳೆ ಅಲ್ಲೇ ನಿಂತಿತು.
ನಾನು ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿದೆ.
“ಮಗಳದು” ಅಂದರು.
ಸುಳ್ಳೇನಲ್ಲ.

ಅವಳು ಕೈ ತೊಳೆದು ಬಂದು ಸೆರಗಿನ ಗಂಟು ಬಿಚ್ಚಿದಳು.
ಹತ್ತರ ನೋಟು, ಮೇಲೊಂದು ರೂಪಾಯಿ.
“ಮದುವೆ ಊಟ ಉಂಡು ಬರಿಗೈಲಿ ಎದ್ದು ಹೋಗೋದು
ನಮ್ಮ ಕಡೆ ಇಲ್ಲ.”
ಬೇಡಮ್ಮಾ ಎಂದು ನಾನು ಎದ್ದೆ,
ಹಣ ಮುಟ್ಟಬಾರದೆಂಬುದು ನಮ್ಮ ನಿಯಮ.
ಗುತ್ಯಮ್ಮ ತೋಳು ಹಿಡಿದು ಕೂರಿಸಿದಳು.

ಅವರು ಜುಬ್ಬಾದ ಜೇಬಿನಿಂದ ಉದ್ದನೆಯ ಪುಸ್ತಕ ತೆಗೆದರು.
ನಾಲ್ಕು ಮೂಲೆಗೂ ಅರಿಸಿನ, ಮೇಲೆ ಶ್ರೀಕಾರ,
ಕೆಳಗೆ ಗೆರೆ ಗೆರೆ, ಬರೀ ಗೆರೆ.
“ಹೆಸರು ಹೇಳವ್ವಾ. ಊರು ಹೇಳು.
ತಿರುಗಿ ಮುಟ್ಟಿಸಬೇಕಲ್ಲ.”
ನನ್ನ ಪೆನ್ನು ಇಸಕೊಂಡು, ಕಂಬದ ಬೆಳಕಿಗೆ ಹಿಡಿದು, ಬರೆದರು:
ಬಂಗಾರಮ್ಮ, ಆನವಟ್ಟಿ, ೧೧-೦೦.

ಮಿಕ್ಕ ಅನ್ನ ಹುಳಿ ಬಸ್‌ಸ್ಟ್ಯಾಂಡಿನಲ್ಲಿ ಮುಗಿಯಿತು.
ಒಂದೂವರೆಗೆ ಕ್ಯಾನು ತೊಳೆಯುವ ಹೊತ್ತಿಗೆ
ಐದನೇ ಕಾಲಮ್ಮು ತುಂಬಲು ಕೈಯಾಡಿಸಿದೆ.
ಪೆನ್ನು ಅವರ ಜೇಬಿನಲ್ಲೇ ಹೋಗಿತ್ತು.
“ನಾನು ಎಣಿಸಿದೀನಿ, ಮುನ್ನೂರ ಹನ್ನೆರಡು.
ನಾಳೆ ಬರೀರಿ” ಎಂದ ಹಾಲೇಶಿ.
“ಅವರೂ ಸೇರಿ?” ಗುತ್ಯಮ್ಮ ಕೇಳಿದಳು.
“ಅವರು ಉಂಡರಾ?”

ನಲ್ಲಿ ಸುರಿಯುತ್ತಲೇ ಇತ್ತು.
ನಮ್ಮಲ್ಲಿ ಯಾರೂ ನೋಡಿರಲಿಲ್ಲ.