ಆದ್ದರಿಂದ

ಜಸೀಲಾಳ ಗಣಿತದ ಪುಸ್ತಕ ತೆರೆದರೆ
ಎಲ್ಲ ಲೆಕ್ಕವೂ ಒಂದೇ ಕಡೆ ನಿಂತಿವೆ.
ದತ್ತ ಸರಿ, ಸೂತ್ರ ಸರಿ, ಹಂತಕ್ಕೆ ಹಂತ ಸರಿ,
ಕೊನೆಗೆ ಗುಂಡಗಿನ ಅಕ್ಷರದಲ್ಲಿ
ಆದ್ದರಿಂದ
ಅಷ್ಟೇ.
ಮುಂದೆ ಬರೀ ಹಾಳೆ,
ಗೇಟು ತೆರೆದಿಟ್ಟರೂ ಯಾರೂ ಒಳಗೆ ಬಾರದ ಹಾಗೆ.

ದಡ್ಡಿಯಾಗಿದ್ದರೆ ನನಗೂ ನೆಮ್ಮದಿಯಿತ್ತು.
ಜನವರಿಯಲ್ಲಿ ಕಂಡಿದ್ದೇನೆ, ಚೆಟ್ಟಳ್ಳಿಯ ಎಸ್ಟೇಟಿನಲ್ಲಿ:
ಅವಳಪ್ಪ ಮೊಯ್ದು ಒಂಟಿ ಬಿದಿರಿನ ಏಣಿಯ ತುದಿಗೆ,
ಸೊಂಟಕ್ಕೆ ಚೀಲ, ಕೈತುಂಬ ಒಳ್ಳೆಮೆಣಸಿನ ಗೊನೆ;
ಸಂಜೆ ತೂಕದ ಹೊತ್ತಿಗೆ ರೈಟರು
ಕ್ಯಾಲ್ಕುಲೇಟರಿಗಾಗಿ ಜೇಬು ತಡವುತ್ತಿರುವಾಗಲೇ ಇವಳು,
"ಮೂವತ್ತೇಳು ಕಿಲೋ, ಹದಿನೈದರಂತೆ
ಐನೂರ ಐವತ್ತೈದು. ನಿನ್ನೆಯ ಬಾಕಿ ನಲವತ್ತು ಸೇರಿಸಿ."
ಸೇರಿಸಿದ ರೈಟರು, ಮರುಮಾತಿಲ್ಲದೆ.

ಎಲ್ಲ ಮಾಡಿ ನೋಡಿದೆ.
ಕೆಂಪು ಶಾಯಿ, ನಕ್ಷತ್ರ, ಹೆಡ್‌ಮಾಸ್ಟರ ಕೋಣೆಯ ಬಾಗಿಲು,
ಒಂದು ಸಲ ಹೊಸ ಜ್ಯಾಮಿಟ್ರಿ ಬಾಕ್ಸು
(ತಮ್ಮನಿಗೆ ಕೊಟ್ಟಳಂತೆ).
ಹೂಮಳೆ ಬಿದ್ದ ಮರುವಾರ, ಕಿಟಕಿಯಾಚೆ
ತೋಟ ಬೆಳ್ಳಗೆ ಘಮ್ಮೆನ್ನುತ್ತಿದ್ದಾಗ
ನನಗೂ ಉಪದೇಶದ ಚಪಲ:
"ನೋಡೇ, ಮೊಗ್ಗು ಎಷ್ಟು ದಿನ ಕಾದಿರುತ್ತೆ,
ಒಂದು ಮಳೆ ಸಾಕು, ಅರಳಿಬಿಡುತ್ತೆ. ನೀನೂ ಹಾಗೇ..."
ಅವಳು ಕಿಟಕಿಯತ್ತ ತಿರುಗಲೂ ಇಲ್ಲ.
"ನಮಗೆ ಕಾಫಿ ಇಲ್ಲ ಟೀಚರ್."

ಮತ್ತೆ ಯಾಕೆ ಮುಗಿಸಲ್ಲ?
ಚಪ್ಪಲಿಯ ಬಾರಿನೊಡನೆ ಮಾತಾಡುವಂತೆ ತಲೆ ತಗ್ಗಿಸಿ,
"ಉತ್ತರ ಗೊತ್ತಾಗಿರುತ್ತಲ್ಲ.
ಬರೆದರೆ ನೀವು ಇನ್ನೊಂದು ಕೊಡ್ತೀರಿ."

ಹತ್ತನೆಯ ತರಗತಿಗೆ ಬಂದಳು. ಡಿಸೆಂಬರಿನ ಒಂದು ಸಂಜೆ
ಅಭ್ಯತ್‌ಮಂಗಲದ ತಿರುವಿನಲ್ಲಿ ಆನೆ ನಿಂತಿದೆಯೆಂದು
ಬಸ್ಸು ಅಲ್ಲೇ ಉಳಿಯಿತು. ಸ್ಟಾಫ್‌ರೂಮಿನಲ್ಲಿ ನಾವಿಬ್ಬರೇ.
ನನ್ನ ಚೀಲದಿಂದ ಜಾರಿತು ಹಸಿರು ಸ್ವೆಟರು,
ಕಡ್ಡಿ ಚುಚ್ಚಿಕೊಂಡು, ಒಂದು ತೋಳು ಅರ್ಧಕ್ಕೆ.
"ಯಾರಿಗೆ?" "ಮಗಳಿಗೆ."
"ಯಾವಾಗಿಂದ?" "ಮೂರು ವರ್ಷ."
ಅವಳು ಹಿಡಿದೆತ್ತಿ ಅಳೆದಳು. ಆರನೇ ಕ್ಲಾಸಿನ ಅಳತೆ.
ಮಗಳೀಗ ನನ್ನ ಹೆಗಲು ದಾಟಿದ್ದಾಳೆ;
ಮುಗಿಸಿದರೆ ಹಾಕೋರು ಯಾರು ಅಂತ
ನಾನೇ ಹೇಳಿಬಿಟ್ಟೆ, ಟೀಚರಾಗಿ ಹೇಳಬಾರದಿತ್ತೇನೋ.

ನಕ್ಕಳು. ಆ ವರ್ಷ ಮೊದಲ ಸಲ.
"ನೀವೊಂದು ಸಾಲು ಹೆಣೀರಿ,
ನಾನೊಂದು ಸಾಲು ಬರೀತೀನಿ."

ದೂರದಲ್ಲಿ ಆನೆ ಓಡಿಸುವ ಪಟಾಕಿ.
ಕಡ್ಡಿಗೆ ಕಡ್ಡಿ ತಾಗುವ ಸದ್ದು, ಪೆನ್ಸಿಲಿನ ಸದ್ದು.
ಬೆರಳಿಗೆ ಮರೆತಿತ್ತು, ಎರಡು ಸಲ ಬಿಚ್ಚಿದೆ;
ಅವಳು ಕಾದಳು, ಮುಂದೆ ಹೋಗಲಿಲ್ಲ.
ಆದ್ದರಿಂದ ಬಂತು. ಪೆನ್ಸಿಲು ನಿಂತಿತು.
ನಾನು ತಲೆಯೆತ್ತಲಿಲ್ಲ,
ಕುಣಿಕೆ ಎಣಿಸುವವಳಂತೆ ನಟಿಸಿದೆ.
ಬಹಳ ಹೊತ್ತಿನ ಮೇಲೆ ಸಣ್ಣಗೆ ಕರಕರ,
ಅದರ ಕೆಳಗೆ ಎರಡು ಗೆರೆ.

"ನಿಮ್ಮದು ಇನ್ನೆಷ್ಟು?"
"ಹನ್ನೊಂದು ಸಾಲು."
ಕಡ್ಡಿಯ ಮೇಲೆ ಕಣ್ಣಾಡಿಸಿ, "ಸಾಲಿಗೆ ನಲವತ್ತೆರಡು.
ನಾನೂರ ಅರವತ್ತೆರಡು ಕುಣಿಕೆ,"
ಬ್ಯಾಗು ಹೆಗಲಿಗೇರಿಸುತ್ತ ಅಂದಳು; ಜೀಪು ಬಂದಿತ್ತು.
"ನನ್ನ ತಮ್ಮನಿಗೆ ಆಗುತ್ತೆ."

ಮರುದಿನ ಪುಸ್ತಕ ಮೇಜಿನ ಮೇಲಿತ್ತು.
ಐದರಲ್ಲಿ ಮೂರಕ್ಕೆ ಉತ್ತರ.
ಉಳಿದೆರಡರ ಪಕ್ಕದಲ್ಲಿ, ಅಳಿಸಲು ಸುಲಭವಾಗುವಷ್ಟು ತೆಳ್ಳಗೆ:
ನಿಮ್ಮ ಸಾಲು ನೋಡಿ ಬರೀತೀನಿ.
ಕೆಂಪು ಪೆನ್ನಿನ ಮುಚ್ಚಳ ಹಾಕಿ
ಚೀಲದಲ್ಲಿ ಕಡ್ಡಿ ತಡಕಿದೆ.