ಒಮ್ಮೆ ಜಗ್ಗಿದ ಬೋಲ್ಟು

ಬಾ ಸೆವೆರಿನೊ, ಆ ಟೈರಿನ ಮೇಲೆ ಕೂತುಕೋ.
ಟೋಪಿ ತೆಗೆಯಬೇಡ. ಎಲ್ ಆಲ್ಟೊದ ಗಾಳಿಗೆ
ಕಿವಿ ಕಂಡರಾಗದು.
ಇಷ್ಟು ಎತ್ತರದಲ್ಲಿ ನೀರಿಗೂ ತಾಳ್ಮೆ ಕಡಿಮೆ,
ನೂರು ಮುಟ್ಟುವ ಮೊದಲೇ, ಎಂಬತ್ತೇಳಕ್ಕೇ
ಎದ್ದು ನಿಲ್ಲುತ್ತದೆ.
ನಿನ್ನ ರೇಡಿಯೇಟರಿನ ಮುಚ್ಚಳವೋ, ಹೆಸರಿಗೆ ಮುಚ್ಚಳ.

ಹೆಡ್ಡು ಬಿಚ್ಚಿಟ್ಟಿದ್ದೇನೆ, ನೋಡು.
ಎರಡು ಮೂರರ ನಡುವೆ ಗ್ಯಾಸ್ಕೆಟ್ಟು
ಕಾವಲಿಗೆ ಕಚ್ಚಿದ ರೊಟ್ಟಿಯಂಚಿನ ಹಾಗೆ ಕರಕಲು.
ಎಣ್ಣೆಯಲ್ಲಿ ನೀರು ಸೇರಿ ಹಾಲು ಹೆಚ್ಚಾದ ಕಾಫಿ.
ಅದು ಬಿಡು, ಅದಕ್ಕೆ ಮದ್ದಿದೆ.
ಈಗ ಮಾತು ಈ ಹತ್ತು ಬೋಲ್ಟಿನದು.

"ಚೆನ್ನಾಗೇ ಇವೆಯಲ್ಲ ದೋನ್ಯಾ ಲೆಯೊಕಾದಿಯಾ,
ತುಕ್ಕಿಲ್ಲ, ಥ್ರೆಡ್ಡು ಸವೆದಿಲ್ಲ,
ಡೀಸೆಲಿನಲ್ಲಿ ತೊಳೆದು ಹಾಕಿ" ಎನ್ನುತ್ತೀ.
ಕಣ್ಣಿಗೆ ಚೆನ್ನಾಗಿಯೇ ಇವೆ.
ವರ್ನಿಯರಿಗೆ ಕಣ್ಣಿನ ದಾಕ್ಷಿಣ್ಯವಿಲ್ಲ:
ಹುಟ್ಟಿದಾಗ ನೂರಿಪ್ಪತ್ತು ಮಿಲಿಮೀಟರು,
ಈಗ ನೂರಿಪ್ಪತ್ತೊಂದೂವರೆ ದಾಟಿವೆ.
ನಡು ಹಿಡಿದು ನೋಡು, ಕೂದಲೆಳೆಯಷ್ಟು ತೆಳುವಾಗಿದೆ.

ಬೋಲ್ಟು ಹಿಡಿಯುವುದು ಬಿಗಿದದ್ದಕ್ಕಲ್ಲ, ಹುಡುಗ.
ಜಗ್ಗಿಸಿಕೊಂಡದ್ದು
ಮೊದಲಿನಂತಾಗುತ್ತೇನೆಂದು ಒಳಗೊಳಗೇ ಎಳೆಯುತ್ತದಲ್ಲ,
ಆ ಹಟಕ್ಕೆ ಹಿಡಿಯುತ್ತದೆ.
ಈ ಜಾತಿಯದು ಹಟದ ಗಡಿಯನ್ನೂ ದಾಟಿ,
ಮರಳಲಾರದ ಕಡೆ ನಿಂತು ಹಿಡಿಯುವಂಥದ್ದು.
ಒಮ್ಮೆ ಬಿಚ್ಚಿದರೆ ಮುಗಿಯಿತು.
ಮತ್ತೆ ಜಗ್ಗಿದರೆ ಪಾನದ ಕೆಳಗೆ
ಕಬ್ಬಿಣ ಬೆಣ್ಣೆಯಾಗುತ್ತದೆ.
ಕೈಗೆ ತಿಳಿಯುತ್ತದೆ ಅದು. ಹೊಟ್ಟೆಗೂ.

ಪಕ್ಕದ ವಿಲ್ಫ್ರೆದೊ ಸ್ಟಡ್ಡು ಹಾಕಿಸು ಅಂದನೇ?
ಇಕ್ವಿಕೆ ಬಂದರಿನಿಂದ ಬಂದ ಥಳಥಳ ಸ್ಟಡ್ಡು,
ಬೆಲೆಗೆ ಎರಡು ಕುರಿ ಬರುತ್ತವೆ.
ಸುಳ್ಳಲ್ಲ, ಒಳ್ಳೆಯ ವಸ್ತು.
ಬ್ಲಾಕಿನಲ್ಲಿ ಸಸಿಯಂತೆ ನೆಟ್ಟು
ಹೆಡ್ಡನ್ನು ನೆಟ್ಟಗೆ ಇಳಿಸಿ ನಟ್ಟು ಬಿಗಿಯುವುದು.
ಆದರೆ ನಿನ್ನ ಎಂಜಿನ್ನು ಕೂತಿರುವುದು
ನಿನ್ನದೇ ಸೀಟಿನಡಿ, ಗೂಡಿನಲ್ಲಿ.
ಹೆಡ್ಡು ಅಷ್ಟೆತ್ತರ ಏಳಲು ಜಾಗವೆಲ್ಲಿ?
ಮುಂದಿನ ಸಲ ಎಂಜಿನ್ನನ್ನೇ ಇಳಿಸಬೇಕು.
ನೀನು ಹೋಗುವುದು ಒರುರೊಗೆ, ರೇಸಿಗಲ್ಲ.

ಹನ್ನೊಂದು ವರ್ಷದ ಕೆಳಗೆ
ಡಾನ್ ಅನಾಕ್ಲೆತೊನ ಬಸ್ಸಿಗೆ ಹಳೆಯವನ್ನೇ ಹಾಕಿದೆ.
ಪಟಕಮಾಯಾ ದಾಟಿದ ಬಯಲಲ್ಲಿ
ಹೆಡ್ಡು ಎದ್ದು ಉಗಿ ಚಿಮ್ಮಿತು.
ಒಳಗೆ ಮದುವೆಗೆ ಹೊರಟ ಬ್ಯಾಂಡು, ಹದಿನಾಲ್ಕು ಜನ.
ತೂಬಾದ ಬಾಯಲ್ಲಿ ಮಂಜು ಕಟ್ಟಿತಂತೆ.
ತುಟಿ ಮರಗಟ್ಟಬಾರದೆಂದು
ರಸ್ತೆ ಬದಿ ನಿಂತು ಲಾಮಾಗಳಿಗೆ ನುಡಿಸಿದರಂತೆ,
ಅಲ್ಲಿ ಮದುಮಗಳು ಕ್ಯಾಸೆಟ್ಟಿಗೆ ಕುಣಿದಳಂತೆ.
ಊರೆಲ್ಲ ನಕ್ಕಿತು. ನಾನೂ ನಕ್ಕೆ.
ಬೋಲ್ಟಿಗೆ ಹೋದ ಮಾನ ಬಸ್ಸು ಕೊಟ್ಟರೂ ಬಾರದು.

ಒಂದು ಯಾರಿಗೂ ಹೇಳಿಲ್ಲ.
ಅಳತೆ ನೋಡಿದ್ದೆ ನಾನು ಅವತ್ತು.
ಗೊತ್ತಿದ್ದೇ ಹಾಕಿದ್ದೆ.
ಅವನಲ್ಲೂ ಕಾಸಿರಲಿಲ್ಲ, ನನಗೂ ಬಾಡಿಗೆ ಬಾಕಿ.
ಅನಾಕ್ಲೆತೊ ಬೈಯಲಿಲ್ಲ.
ಈಗಲೂ ಬೆಳಿಗ್ಗೆ ಕೈಯೆತ್ತಿ ನಮಸ್ಕಾರ ಹೇಳುತ್ತಾನೆ,
ಹೇಳಿ, ಬಸ್ಸನ್ನು ವಿಲ್ಫ್ರೆದೊನ ಅಂಗಳಕ್ಕೆ ತಿರುಗಿಸುತ್ತಾನೆ.
ಆ ಮೊಳೆಗೆ ತೂಗಿದೆಯಲ್ಲ, ಅದು ಅವನದೇ ಒಂದು ಬೋಲ್ಟು.

ಇವತ್ತು ಗುರುವಾರ, ಸಂತೆಯಿದೆ.
ತೋಮಾಸಾಳ ಅಂಗಡಿಗೆ ಹೋಗು.
ಬಿಡಿ ಬೋಲ್ಟು ಕೊಟ್ಟರೆ ಬೇಡ ಅನ್ನು.
ಸೀಲು ಒಡೆಯದ ಪೊಟ್ಟಣ, ತಲೆಯ ಮೇಲೆ
ಹತ್ತು ಪಾಯಿಂಟ್ ಒಂಬತ್ತು ಅಚ್ಚು.
ಅಷ್ಟರಲ್ಲಿ ನಾನು ಬ್ಲಾಕಿನ ತೂತುಗಳಿಗೆ ಗಾಳಿ ಊದಿರುತ್ತೇನೆ.
ತಳದಲ್ಲಿ ಎಣ್ಣೆ ನಿಂತರೆ ಅದಕ್ಕೆ ಓಡಲು ದಾರಿಯಿಲ್ಲ,
ಬೋಲ್ಟು ಇಳಿದಂತೆ ಬ್ಲಾಕನ್ನೇ ಸೀಳುತ್ತದೆ.

ಸಂಜೆ ಬಿಗಿಯೋಣ. ನಡುವಿನಿಂದ ಹೊರಕ್ಕೆ,
ಮೊದಲು ನಲವತ್ತು, ಆಮೇಲೆ ಕಾಲು ಸುತ್ತು,
ಮತ್ತೊಂದು ಕಾಲು ಸುತ್ತು.
ಆ ಕೊನೆಯ ಕಾಲಿನಲ್ಲಿ ನನ್ನನ್ನು ಮಾತಾಡಿಸಬೇಡ.
ದೇವರ ಹೆಸರೂ ಬೇಡ.

ಏಳು, ಅಂಗಡಿ ಮುಚ್ಚಿಯಾಳು.
ಎಣಿಸಿ ತಾ. ಹತ್ತು.
ಮುಚ್ಚಳವೂ ಒಂದು.